ಹೆಪ್ಪಿನ ಪಾಲು

‘ಪಾಲು’ ಎಂಬ ಮಾತು ನಮ್ಮ ಮನೆಗಳಲ್ಲಿ ಹಿತವಾಗಿ ಕೇಳಿಸುವುದಿಲ್ಲ. ಹೊಲ ಪಾಲಾದರೆ ಒಂದೊಂದು ತುಂಡೂ ಕಿರಿದಾಗುತ್ತದೆ. ಮನೆ ಪಾಲಾದರೆ ಅಂಗಳದ ನಡುವೆ ಗೋಡೆ ಏಳುತ್ತದೆ. ಆದರೆ ಪಾಲಾಗುವುದರಿಂದಲೇ ಸಂತಾನ ಬೆಳೆಸುವ ಜೀವಿಗಳೂ ಇವೆ. ಅವುಗಳ ಬಳಿಗೆ ದೂರ ಹೋಗಬೇಕಿಲ್ಲ. ಅಡುಗೆಮನೆಯ ಮೊಸರಿನ ಪಾತ್ರೆ ಸಾಕು.

ಹಾಲು ಹುಳಿಯುವುದು ಸೂಕ್ಷ್ಮಜೀವಿಗಳ ಕೆಲಸವೆಂದು ಲೂಯಿ ಪಾಸ್ತರ್ 1857ರಲ್ಲಿ ಪ್ರತಿಪಾದಿಸಿದರು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದರೆ, ಅದರೊಳಗಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನುಂಡು ಬೆಳೆಯತೊಡಗುತ್ತವೆ. ಬೆಳೆದ ಕೋಶ ಒಡೆಯುವ ಮುನ್ನ ತನ್ನ ಡಿಎನ್‌ಎಗೆ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಪ್ರತಿಗಳು ಎರಡು ಬದಿಗೆ ಸರಿಯುತ್ತವೆ. ನಡುವೆ ಪ್ರೋಟೀನಿನ ಉಂಗುರ ಕಟ್ಟಿಕೊಳ್ಳುತ್ತದೆ. ಕೋಶದ ಗೋಡೆ ಒಳಮುಖವಾಗಿ ಬೆಳೆದು ಒಂದು ಎರಡಾಗುತ್ತದೆ. ಮೊದಲು ಇಮ್ಮಡಿಯಾಗಿ ಅನಂತರ ಪಾಲಾಗುವುದರಿಂದ ಯಾರ ಪಾಲೂ ಕಿರಿದಾಗುವುದಿಲ್ಲ. ಹೀಗೆ 20 ಸಲ ಒಡೆದರೆ ಒಂದು ಕೋಶದ ಸಂತತಿ 10 ಲಕ್ಷವನ್ನು ಮೀರುತ್ತದೆ. ಕೊನೆಗೆ ಈ ಬೆಳವಣಿಗೆಯನ್ನು ತಡೆಯುವುದೂ ಅವೇ ಹೊರಬಿಟ್ಟ ಹುಳಿ.

ನಾನು ಕಳಂಬೋಲಿಗೆ ಬಂದ ವರ್ಷ ಅವ್ವ ಧಾರವಾಡದ ಮನೆಯ ಹೆಪ್ಪನ್ನು ಸ್ಟೀಲಿನ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದಳು. ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿ ಮುಗಿಯುವಲ್ಲಿ ಬೆಳಗಿನ ಜಾವ ಬಸ್ಸಿನಿಂದ ಇಳಿದಾಗ ಅದು ಕೈಯಲ್ಲಿತ್ತು. ಅಂದಿನಿಂದ ಇಲ್ಲಿಯ ಪಾಕೀಟು ಹಾಲಿನಲ್ಲಿ ಆ ಹೆಪ್ಪು ನಡೆದುಬಂದಿದೆ. ಅವ್ವ ತೀರಿಕೊಂಡು ಊರಿನ ಮನೆ ಪಾಲಾದ ಮೇಲೆ, ಒಮ್ಮೆ ಊಟಕ್ಕೆ ಕುಳಿತಾಗ ಅಣ್ಣ ನಗುತ್ತ ಅಂದ: “ಮೂಲ ಹೆಪ್ಪು ಇಲ್ಲೇ ಐತಿ, ತಮ್ಮಾ. ನಿನ್ನ ಕಡೆ ಇರೂದು ಬರೇ ನಕಲು.” ಮಾತು ಮೊಸರಿನದಷ್ಟೇ ಆಗಿರಲಿಲ್ಲ, ನನ್ನ ಮಕ್ಕಳ ಮರಾಠಿ ಬೆರೆತ ಕನ್ನಡವನ್ನು ಆತ ಆಗತಾನೆ ಕೇಳಿದ್ದ.

ಜೀವಶಾಸ್ತ್ರ ಈ ವ್ಯಾಜ್ಯಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಕೋಶ ಒಡೆದ ಮೇಲೆ ತಾಯಿ ಎಂದು ಬೊಟ್ಟು ಮಾಡಲು ಯಾವುದೂ ಉಳಿದಿರುವುದಿಲ್ಲ. ಸತ್ತ ದೇಹವೂ ಇಲ್ಲ. ದಂಡಾಕಾರದ ಬ್ಯಾಕ್ಟೀರಿಯ ನಡುವೆ ಒಡೆದಾಗ ಎರಡು ಮರಿಗಳಿಗೂ ಹಿಂದಿನಿಂದ ಬಂದ ಹಳೆಯ ತುದಿಯೊಂದು, ಒಡೆದ ಜಾಗದಲ್ಲಿ ಮೂಡಿದ ಹೊಸ ತುದಿಯೊಂದು. ಮೇಲಾಗಿ ಹೆಪ್ಪು ಒಂದೇ ಕುಲದ್ದಲ್ಲ. ಇಲ್ಲಿಯ ಹಾಲು, ಪಾತ್ರೆ, ಕೈಗಳಿಂದ ಹೊಸ ಜೀವಿಗಳು ನನ್ನ ಹೆಪ್ಪನ್ನು ಸೇರಿರಬಹುದು. ಅಲ್ಲಿಯವು ಅಣ್ಣನ ಹೆಪ್ಪನ್ನು ಸೇರಿರಬಹುದು. ಅವ್ವನ ಡಬ್ಬಿಯಲ್ಲಿದ್ದುದು ಹಾಗೆಯೇ ಇಬ್ಬರಲ್ಲಿಯೂ ಉಳಿದಿರಲಾರದು.

ಹಳೆಯ ತುದಿ ಊರಲ್ಲಿ ಉಳಿದವರಿಗೆ, ಹೊಸ ತುದಿ ಹೊರಟವರಿಗೆ ಎಂಬ ಹಂಚಿಕೆಯನ್ನು ನಾವು ಕಾಗದದ ಮೇಲೆ ಬರೆದುಕೊಳ್ಳಬಹುದು. ಮೊಸರಿನ ಪಾತ್ರೆಯಲ್ಲಿ ಅದು ನಡೆಯುವುದಿಲ್ಲ.