ಖಾನಾವಳಿಯ ಕೂಪನ್ನು

ಹಸಿವಾಗುವುದಕ್ಕೆ ಮುಂಚೆಯೇ ಊಟಕ್ಕೆ ಹಣ ಕೊಟ್ಟಿಡುವುದು ಜಾಣತನವೋ ಅಲ್ಲವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಂಥ ದೊಡ್ಡದೇನಲ್ಲ. ವೇದಾಂತಿಗಳಾಗಲಿ ಅರ್ಥಶಾಸ್ತ್ರಜ್ಞರಾಗಲಿ ಇದಕ್ಕಾಗಿ ನಿದ್ದೆಗೆಟ್ಟರೆಂದು ನಾನು ಕೇಳಿಲ್ಲ. ಆದರೆ ಹೆಂಡತಿ ಮಕ್ಕಳನ್ನು ಬಳ್ಳಾರಿಯಲ್ಲಿ ಬಿಟ್ಟು, ಬೀಜದ ಕಂಪನಿಯೊಂದರ ಪ್ರತಿನಿಧಿಯಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ನಾಲ್ಕು ವರ್ಷ ಬಸ್ಸಿನಲ್ಲಿ ಅಲೆದ ನನ್ನಂಥವನಿಗೆ ಇದು ದಿನಕ್ಕೆರಡು ಬಾರಿ ಎದುರಾಗುವ ಪ್ರಶ್ನೆ. ಎರಡು ಬಾರಿ ಎದುರಾದ ಯಾವ ಪ್ರಶ್ನೆಯನ್ನೂ ಮನುಷ್ಯ ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಖಾನಾವಳಿಯೆಂದರೆ ಏನೆಂದು ಬೆಂಗಳೂರು ಮೈಸೂರಿನ ಓದುಗರಿಗೆ ಎರಡು ಮಾತು ಹೇಳಬೇಕು. ಅದು ಹೋಟೆಲಲ್ಲ. ಅಲ್ಲಿ ದೋಸೆ ಸಿಕ್ಕುವುದಿಲ್ಲ. ಕಾಫಿ ಕೇಳಿದರೆ ನಿಮ್ಮನ್ನು ನೋಡುವ ನೋಟವೇ ಬೇರೆ. ಅಲ್ಲಿ ಇರುವುದು ಊಟ. ಬಡಿದ ಸಪ್ಪಳ ಬೀದಿಗೆ ಕೇಳುವ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಒಂದು ಕಾಳಿನ ಪಲ್ಯ, ದಿನ ಚೆನ್ನಾಗಿದ್ದರೆ ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ ಸಾರು. ಸಿಂಧನೂರಿನ ಸುತ್ತ ಕಣ್ಣು ಹಾಯುವವರೆಗೂ ಭತ್ತ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆ ಸೀಮೆ ಅಕ್ಕಿ ಗಿರಣಿಗಳ ಸೀಮೆಯಾಯಿತು. ಆದರೂ ಊಟಕ್ಕೆ ಕುಳಿತವನು ಮೊದಲು ಕೈ ಚಾಚುವುದು ರೊಟ್ಟಿಗೇ. ಜೋಳ ಬಿತ್ತುವವರು ಕಡಮೆಯಾಗಿ ತಿನ್ನುವವರು ಅಷ್ಟೇ ಉಳಿದರೆ ಬೆಲೆ ಎತ್ತ ಹೋಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಇದು ಮುಂದೆ ನಮ್ಮ ಕಥೆಗೆ ಬರುತ್ತದೆ.

ಮೂರು ಊರುಗಳಲ್ಲಿ ನಾನು ಕಂಡದ್ದು ಮೂರು ಬಗೆಯ ಪದ್ಧತಿ. ನಾನು ಕೋಣೆ ಹಿಡಿದಿದ್ದ ಸಿಂಧನೂರಿನ ಖಾನಾವಳಿಯಲ್ಲಿ ಅರವತ್ತು ಚೀಟಿಗಳ ಪುಸ್ತಕ. 2020ರ ಮೊದಲಲ್ಲಿ ಅಲ್ಲಿ ಊಟಕ್ಕೆ ಅರವತ್ತು ರೂಪಾಯಿ. ಪುಸ್ತಕಕ್ಕೆ ಮೂರು ಸಾವಿರ. ಅಂದರೆ ಐವತ್ತು ಊಟದ ಹಣಕ್ಕೆ ಅರವತ್ತು ಊಟ. ಅವಧಿಯಿಲ್ಲ, ಆದರೆ ಚೀಟಿಯ ಮೇಲೆ ಕೊಂಡವನ ಹೆಸರು ಬರೆದಿರುತ್ತದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಲಿಂಗಸುಗೂರಿನಲ್ಲಿ ನಮ್ಮ ಕಂಪನಿಯ ಇನ್ನೊಬ್ಬ ಪ್ರತಿನಿಧಿ ಉಣ್ಣುತ್ತಿದ್ದ ಕಡೆ ತಿಂಗಳ ಪಾಸು. ಸೋಡಿ ಇದಕ್ಕಿಂತ ಹೆಚ್ಚು, ಆದರೆ ತಿಂಗಳ ಕೊನೆಯ ದಿನ ರಾತ್ರಿ ಅದು ಸಾಯುತ್ತದೆ. ಮಸ್ಕಿಯಲ್ಲಿ ಏನೂ ಇಲ್ಲ. ಒಂದು ದಿನ ಕೂಪನ್ನಿದೆಯೇ ಎಂದು ಕೇಳಿದ್ದಕ್ಕೆ ಆ ಯಜಮಾನರು ನಕ್ಕರು. “ಮೊದಲ ಉಣ್ರಿ ಸರ, ಆಮ್ಯಾಲ ರೊಕ್ಕದ ಮಾತು” ಎಂದರು. ಬಲ್ಲವರಿಗೆ ಅಲ್ಲಿ ಉದ್ದರಿ ಪುಸ್ತಕ. ಉಂಡವರ ಹೆಸರಿನ ಮುಂದೆ ಗೀಟು ಎಳೆಯುವುದು, ತಿಂಗಳಿಗೋ ಸುಗ್ಗಿಗೋ ತೀರಿಸುವುದು. ಒಂದೆಡೆ ಉಣ್ಣುವವನು ಸಾಲ ಕೊಡುತ್ತಾನೆ, ಇನ್ನೊಂದೆಡೆ ಉಣಿಸುವವನು. ನಡುವಣ ದಾರಿ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟೇ ದೂರ.

ಹೆಸರಿನ ಮಾತು ಬಂತು. ಹೆಸರಿಲ್ಲದ ಚೀಟಿಯ ಪಾಡು ಏನೆಂಬುದನ್ನು ಮಸ್ಕಿಯ ಬಂಡೆಯನ್ನೇ ಕೇಳಬೇಕು. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದ ಶಾಸನಗಳ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರೂ, ಆ ಬಿರುದಿನ ಯಜಮಾನ ಯಾರೆಂದು ಕಲ್ಲೇ ಬಾಯಿಬಿಟ್ಟು ಹೇಳಿದ್ದು 1915ರಲ್ಲಿ, ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರಿಗೆ ಮಸ್ಕಿಯಲ್ಲಿ ಈ ಬಂಡೆ ಸಿಕ್ಕಾಗ. ಅದರ ಮೇಲೆ ಅಶೋಕನ ಹೆಸರು ಸ್ಪಷ್ಟವಾಗಿತ್ತು. ಅನಂತರ ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ನಾನಂತೂ ನನ್ನ ಹೆಸರಿದ್ದ ಚೀಟಿಯನ್ನು ಹರಿದು ಕೊಡುವಾಗಲೆಲ್ಲ ಚಕ್ರವರ್ತಿಗೆ ಸಮಾನನಾದೆನೆಂದು ಒಂದು ಕ್ಷಣ ಬೀಗುತ್ತಿದ್ದೆ. ಅಷ್ಟರಲ್ಲಿ ರೊಟ್ಟಿ ಬರುತ್ತಿತ್ತು.

ಇನ್ನು ಲೆಕ್ಕ. ಪುಸ್ತಕ ಕೊಂಡವನು ಐವತ್ತನೆಯ ಚೀಟಿಯವರೆಗೆ ಉಂಡಾಗ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೇಲಿನ ಹತ್ತೇ ಲಾಭ. ತಿಂಗಳೊಳಗೆ ಅರವತ್ತನ್ನೂ ಉಣ್ಣಬೇಕೆಂಬ ಕಟ್ಟಳೆಯಿದ್ದಿದ್ದರೆ ನನ್ನಂಥವನು ಅದನ್ನು ಮುಟ್ಟಬಾರದು. ಶನಿವಾರ ಸಂಜೆ ಬಳ್ಳಾರಿಯ ಬಸ್ಸು ಹತ್ತಿದರೆ ವಾರಕ್ಕೆ ಮೂರು ಊಟ ಹೋಯಿತು, ತಿಂಗಳಿಗೆ ಹನ್ನೆರಡು. ಅಲ್ಲಿಗೇ ಪುಸ್ತಕ ಮುಳುಗಿತು. ಮಸ್ಕಿ, ಲಿಂಗಸುಗೂರುಗಳಲ್ಲಿ ಕಳೆಯುವ ಮಧ್ಯಾಹ್ನಗಳು ಬೇರೆ. ಬೇಸಗೆಯ ಮದುವೆಗಳು, ಸೋಮಲಾಪುರದ ಅಂಬಾದೇವಿ ಜಾತ್ರೆ, ಬೀಜ ಕೊಂಡ ರೈತ ಪ್ರೀತಿಯಿಂದ ಕೂರಿಸಿ ಬಡಿಸಿದ ಹೋಳಿಗೆ, ಇವಾವುವೂ ಪಾಸು ಅಚ್ಚುಹಾಕಿಸುವವನಿಗೆ ತಿಳಿಯದ ವಿಷಯಗಳಲ್ಲ. ತಿಳಿದೇ ಅವನು ಸೋಡಿ ಬಿಡುವುದು. ಲಿಂಗಸುಗೂರಿನ ನನ್ನ ಸಹೋದ್ಯೋಗಿ ತಿಂಗಳ ಕೊನೆಯ ವಾರದಲ್ಲಿ, ಮದುವೆಯ ಊಟದ ಕರೆ ಬಂದರೂ ಒಲ್ಲೆನೆಂದು ಖಾನಾವಳಿಗೆ ಓಡುತ್ತಿದ್ದ. ಪಾಸನ್ನು ಅವನು ಇಟ್ಟುಕೊಂಡಿದ್ದನೋ, ಪಾಸೇ ಅವನನ್ನು ಇಟ್ಟುಕೊಂಡಿತ್ತೋ ಹೇಳುವುದು ಕಷ್ಟ.

ಇದು ನಮ್ಮ ಸೀಮೆಯ ಬಡತನದ ಲೆಕ್ಕಾಚಾರವೆಂದು ಯಾರಾದರೂ ತಿಳಿದರೆ ತಪ್ಪು. ನನ್ನ ಷಡ್ಡಕರ ಮಗ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ. ಅಲ್ಲಿ ಡಿಸ್ನಿಯವರ ಮಾಯಾಲೋಕದಂಥ ವಿಹಾರಧಾಮವೊಂದಿದೆ. ಅದರ ಭೋಜನಶಾಲೆಗಳಿಗೆ ‘ಟೇಬಲ್ಸ್ ಇನ್ ವಂಡರ್‌ಲ್ಯಾಂಡ್’ ಎಂಬ ಸೋಡಿ ಕಾರ್ಡೊಂದನ್ನು ವರ್ಷಕ್ಕಿಷ್ಟೆಂದು ಹಣ ಪಡೆದು ಆ ರಾಜ್ಯದ ನಿವಾಸಿಗಳಿಗೂ ವರ್ಷದ ಪಾಸಿದ್ದವರಿಗೂ ಕೊಡುತ್ತಿದ್ದರು. ಕಾರ್ಡಿದ್ದರೆ ಬಿಲ್ಲಿನಲ್ಲಿ ನೂರಕ್ಕೆ ಇಪ್ಪತ್ತು ಬಿಡುವರು. ಹಾಗೆಯೇ ಬಡಿಸಿದವರ ಇನಾಮೆಂದು ನೂರಕ್ಕೆ ಹದಿನೆಂಟನ್ನು ತಾವೇ ಸೇರಿಸುವರು! ಆ ದೇಶದಲ್ಲಿ ಇನಾಮು ಹೇಗೂ ಕೊಡಲೇಬೇಕಾದ್ದು, ಆದ್ದರಿಂದ ಅದನ್ನು ನಷ್ಟವೆಂದು ಬರೆಯುವುದು ನ್ಯಾಯವಲ್ಲ ಎಂದು ಹುಡುಗ ವಾದಿಸಿದ. ಇರಲಿ. ವರ್ಷಕ್ಕೆ ಎಷ್ಟು ಸಲ ಅಲ್ಲಿ ಉಂಡರೆ ಕಾರ್ಡಿನ ಬೆಲೆ ಹುಟ್ಟುತ್ತದೆಂದು ಅವನೂ ಅವನ ಹೆಂಡತಿಯೂ ಕಾಗದ ಹಿಡಿದು ಕೂತರಂತೆ. ಕಾರ್ಡಿನ ಬೆಲೆ ಹುಟ್ಟಿಸಲೆಂದೇ ಎಷ್ಟು ಸಲ ಹೆಚ್ಚಿಗೆ ಹೋದಿರಿ ಎಂದು ನಾನು ಕೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮೌನವಿತ್ತು.

ಅದೇ ಮನೆತನದ ಹಿರಿಯಣ್ಣನಾದ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗಲೂ ಅಷ್ಟೆ. ಕೆಲವೇ ತಿಂಗಳಲ್ಲಿ ಅಲ್ಲಿ ಎ, ಬಿ, ಸಿ ಎಂದು ದರ್ಜೆಯಿಟ್ಟು ಚೀಟಿ ಪುಸ್ತಕ ಬಂತು. 1959ಕ್ಕೆ ಎಲ್ಲಕ್ಕಿಂತ ಮೇಲಿನ ಇ ದರ್ಜೆಯೂ ಸೇರಿತು. ಒಳ್ಳೆಯ ಆಟಗಳ ಚೀಟಿ ಬೇಗ ಮುಗಿಯುತ್ತಿತ್ತು. ಸಪ್ಪೆ ಆಟಗಳ ಎ ಚೀಟಿಗಳು ಮಿಕ್ಕು ಮನೆಗೆ ಬಂದು ಮೇಜಿನ ಡ್ರಾಯರಿನಲ್ಲಿ ಉಳಿಯುತ್ತಿದ್ದವು. 1982ರಲ್ಲಿ ಆ ಪದ್ಧತಿಯೇ ಹೋಯಿತು. ಮಿಗುವ ಚೀಟಿಯಲ್ಲೇ ಅಚ್ಚು ಹಾಕಿಸಿದವನ ಲಾಭವಿದೆ ಎಂಬುದು ಅಲ್ಲಿಗೂ ಲಿಂಗಸುಗೂರಿಗೂ ಸಮನಾಗಿ ಸಲ್ಲುವ ಮಾತು.

ಹಾಗಾದರೆ ನಮ್ಮ ಸಿಂಧನೂರಿನ ಅಕ್ಕ ಅವಧಿಯನ್ನೇಕೆ ಇಟ್ಟಿರಲಿಲ್ಲ? (ಐವತ್ತು ದಾಟಿದ ಆಕೆಯನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು, ಅಷ್ಟೇ ಸಾಕು.) ಮಾರ್ಚಿಗೆ ಹಿಂಗಾರಿ ಜೋಳ ಪೇಟೆಗೆ ಬರುತ್ತದೆ. ಆಗ ವರ್ಷದ ಜೋಳ ತುಂಬಿಸಿಟ್ಟರೆ ಉಳಿತಾಯ. ಮಳೆಗಾಲದಲ್ಲಿ ಚೀಲಚೀಲವಾಗಿ ಕೊಂಡರೆ ಕೆಡುಕು. ಕೂಪನ್ನು ಮಾರಿದ ಹಣದಿಂದ ಆಕೆ ಜೋಳ ತುಂಬಿಸುತ್ತಿದ್ದಳು. ಒಂದು ದಿನ ನಾನು ನನ್ನ ಬುದ್ಧಿವಂತಿಕೆಯನ್ನೆಲ್ಲ ಒಟ್ಟುಮಾಡಿ ಹೇಳಿದೆ: “ಅಕ್ಕ, ನಾನು ಎರಡು ತಿಂಗಳಲ್ಲಿ ಪುಸ್ತಕ ಮುಗಿಸಿದರೆ ನನ್ನ ಹಣ ಸರಾಸರಿ ಒಂದೇ ತಿಂಗಳು ನಿಮ್ಮಲ್ಲಿದ್ದಂತೆ. ಮೂರು ಸಾವಿರಕ್ಕೆ ಆರುನೂರು ಬಿಟ್ಟರೆ ತಿಂಗಳಿಗೆ ನೂರಕ್ಕೆ ಇಪ್ಪತ್ತು ಬಡ್ಡಿ ಬಿತ್ತಲ್ಲ! ಕೈಸಾಲ ತಂದರೆ ಮೂರೋ ನಾಲ್ಕೋ ತಾನೆ?”

ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಖರೇ ಐತ್ರಿ. ಆದ್ರ ಸಾವ್ಕಾರ ರೊಕ್ಕ ಕೇಳ್ತಾನ, ನೀವು ರೊಟ್ಟಿ ಕೇಳ್ತೀರಿ. ನನ್ನಂತೇಲಿ ರೊಟ್ಟಿ ಅದಾವ.”

ನಾನು ಮಾಡಿದ್ದ ಬಡ್ಡಿಯ ಲೆಕ್ಕದಲ್ಲಿ ಎಲ್ಲವೂ ಇತ್ತು, ಒಲೆಯೊಂದು ಇರಲಿಲ್ಲ. ಹಣದಲ್ಲಿ ಆರುನೂರೆಂದರೆ ಆರುನೂರೇ. ಉರಿಯುತ್ತಿರುವ ಒಲೆಯ ಮೇಲೆ ಇನ್ನೂ ಹತ್ತು ಊಟವೆಂದರೆ ಅಷ್ಟಾಗದು. ಹೇಗೂ ಐವರು ಹೆಂಗಸರಿಗೆ ಕೂಲಿ ಕೊಡಬೇಕು, ಹೇಗೂ ಬಾಡಿಗೆ ಕಟ್ಟಬೇಕು. ಅದಲ್ಲದೆ ನಾಳೆ ಎಷ್ಟು ಜನ ಬರುತ್ತಾರೆಂಬುದು ತಿಳಿದರೆ ಉಳಿದ ರೊಟ್ಟಿ ಕಟಕಾಗುವ ಭಯವೂ ಕಡಮೆ. ಕಟಕ ರೊಟ್ಟಿಯೂ ಮಾರಾಟವಾಗುತ್ತದೆ ಎನ್ನಿ. ಪಲ್ಯ ಆಗುವುದಿಲ್ಲ.

2020ರ ಮಾರ್ಚಿ 22, ಭಾನುವಾರ, ನಾನು ಬಳ್ಳಾರಿಯಲ್ಲಿದ್ದೆ. ಜನತಾ ಕರ್ಫ್ಯೂ, ಮಂಗಳವಾರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಬೇಕೆಂಬ ಅಪ್ಪಣೆ. ನನ್ನ ಕಿಸೆಯಲ್ಲಿ ಹದಿಮೂರು ಚೀಟಿ ಹರಿದ ಪುಸ್ತಕ, ನಲವತ್ತೇಳು ಉಳಿದಿತ್ತು. ನಮ್ಮಂಥವರು ಆಕೆಯ ಪುಸ್ತಕದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಇದ್ದರಂತೆ: ಉಪಾಧ್ಯಾಯರು, ಕಾಲೇಜಿನ ಹುಡುಗರು, ಅಕ್ಕಿ ಗಿರಣಿಯ ಗುಮಾಸ್ತರು. ಹಣವೆಲ್ಲ ಜೋಳವಾಗಿ ಒಳಕೋಣೆಯಲ್ಲಿ ಕೂತಿತ್ತು. ಉಣ್ಣುವವರು ಊರು ಬಿಟ್ಟಿದ್ದರು. ಕೆಲವರು ಫೋನು ಮಾಡಿ ಹಣ ವಾಪಸು ಕೇಳಿದರು. ಅವರನ್ನು ನಾನು ದೂರುವುದಿಲ್ಲ. ಸಂಬಳ ನಿಂತವನಿಗೆ ಎರಡು ಸಾವಿರ ಎರಡು ಸಾವಿರವೇ. ಆಕೆ, “ರೊಕ್ಕ ಇಲ್ರಿ, ಜೋಳ ಒಯ್ರಿ” ಎಂದಳಂತೆ. ಊರಿನಲ್ಲೇ ಇದ್ದ ಮೂವರು ಬಂದು ಅಳೆಯಿಸಿಕೊಂಡು ಹೋದರು. ಆ ಅಳತೆಯಲ್ಲಿ ಕೂಪನ್ನಿನ ಸೋಡಿಯನ್ನೂ ಲೆಕ್ಕಕ್ಕೆ ಹಿಡಿದಳೆಂದು ಅವರಲ್ಲೊಬ್ಬರೇ ನನಗೆ ಹೇಳಿದರು.

ಲಿಂಗಸುಗೂರಿನ ಪಾಸು ಮಾರ್ಚಿ 31ಕ್ಕೆ ತನ್ನ ಪಾಡಿಗೆ ತಾನು ಸತ್ತಿತು. ಅಲ್ಲಿಯ ಯಜಮಾನ ಕಾಗದದಲ್ಲಿದ್ದ ಮಾತಿಗೆ ತಪ್ಪಲಿಲ್ಲ. ಮಸ್ಕಿಯವರಿಗೆ ಮಾತ್ರ ಬೇರೆಯದೇ ಕಷ್ಟ. ಉಂಡು ಹೋದವರ ಗೀಟುಗಳು ಪುಸ್ತಕದಲ್ಲಿ, ಉಂಡವರು ಎಲ್ಲೆಲ್ಲೋ.

ಮೇ 19ಕ್ಕೆ ರಾಜ್ಯದಲ್ಲಿ ಬಸ್ಸು ಬಿಟ್ಟರು, ಜೂನ್ 8ಕ್ಕೆ ಹೋಟೆಲುಗಳಲ್ಲಿ ಕೂತು ಉಣ್ಣಲು ಅನುಮತಿಯಾಯಿತು. ಮುಂಗಾರಿ ಬೀಜದ ಕಾಲ. ನಾನು ಆ ವಾರವೇ ಹೋದೆ. ಹೊರಡುವಾಗ ನನ್ನಾಕೆ ಹೇಳಿದಳು: “ಆ ಚೀಟಿ ಅಲ್ಲಿ ತೆಗೀಬೇಡಿ. ಪಾಪ, ಬದುಕಿಕೊಳ್ಳಲಿ.” ದಾರಿಯುದ್ದಕ್ಕೂ ಯೋಚಿಸಿದೆ. ಚೀಟಿ ಕೊಟ್ಟರೆ ಎಣ್ಣೆಗೂ ಗ್ಯಾಸಿಗೂ ಕಾಸಿಲ್ಲದವಳ ಎದುರು ಹಳೆಯ ಸಾಲ ಕೇಳಿದಂತೆ. ಕೊಡದೆ ಹರಿದು ಹಾಕಿದರೆ, ಕೇಳದವಳಿಗೆ ಭಿಕ್ಷೆ ಹಾಕಿದಂತೆ. ಖಾನಾವಳಿಯ ಬಾಗಿಲಲ್ಲಿ ಹೊಸ ಹಲಗೆ: ಊಟ, ಎಪ್ಪತ್ತು ರೂಪಾಯಿ. ಒಳಗೆ ಇಪ್ಪತ್ತು ಜನ ಕೂರುವಲ್ಲಿ ಆರು ಜನ. ನೇರವಾಗಿ ಆಕೆಯನ್ನೇ ಕೇಳಿದೆ, ಏನು ಮಾಡಲಿ ಎಂದು.

“ನನ್ನ ಪುಸ್ತಕದಾಗ ನಿಮ್ಮ ಹೆಸರಿನ ಮುಂದ ನಲವತ್ತೇಳು ಐತಿ” ಎಂದಳು. “ಅದು ಹರದು ಮುಗಿಯೂತನ ನನಗ ಚಂದಾಗಿ ನಿದ್ದಿ ಬರಂಗಿಲ್ರಿ. ಉಣ್ರಿ.”

ಬೆಲೆ ಏರಿದೆಯಲ್ಲ, ಹೆಚ್ಚಿನ ಹತ್ತು ರೂಪಾಯಿಯನ್ನಾದರೂ ತೆಗೆದುಕೊಳ್ಳಿ ಎಂದೆ. ಅದೂ ಆಗದು, ಬೆಲೆ ಏರಿದ್ದು ಚೀಟಿ ಕೊಂಡ ಮೇಲೆ. ಕೊನೆಗೆ ಒಂದು ಒಪ್ಪಂದವಾಯಿತು. ಮಧ್ಯಾಹ್ನ ಚೀಟಿ, ರಾತ್ರಿ ನಗದು. ಗ್ಯಾಸಿಗೆ ದುಡ್ಡು ಬೇಕಾಗಿದ್ದುದರಿಂದ ಆಕೆ ಅಷ್ಟಕ್ಕೆ ಒಪ್ಪಿದಳು. ಹೀಗೆ ನನ್ನ ಪುಸ್ತಕ ಸೆಪ್ಟೆಂಬರಿನವರೆಗೂ ನಡೆಯಿತು. ಐವತ್ತಕ್ಕೆ ಕೊಂಡ ಚೀಟಿಗೆ ಎಪ್ಪತ್ತರ ಊಟ ಉಂಡೆ. ಲೆಕ್ಕದ ಮಟ್ಟಿಗೆ ಅಂಥ ಲಾಭ ನನಗೆ ಯಾವ ಬ್ಯಾಂಕೂ ಕೊಟ್ಟಿಲ್ಲ. ಆ ನಲವತ್ತೇಳು ಮಧ್ಯಾಹ್ನಗಳಲ್ಲಿ ಎರಡನೆಯ ಸಲ ಪಲ್ಯ ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ಕೇಳದಿದ್ದರೂ ಆಕೆ ಹಾಕುತ್ತಿದ್ದಳು, ಅದು ಬೇರೆ ಮಾತು.

ಫ್ಲಾರಿಡಾದ ಆ ಕಾರ್ಡು 2020ರಲ್ಲಿ ನಿಂತದ್ದು ಮತ್ತೆ ಏಳಲಿಲ್ಲವೆಂದು ಹುಡುಗ ಹೇಳಿದ.

ಹಿಂದಿನ ಕಾಲದಲ್ಲಿ ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು. ಏಳು ದಿನಕ್ಕೆ ಏಳು ಮನೆ. ಸೋಮವಾರದ ಮನೆಯವರು ಊರಿಗೆ ಹೋದರೆ ಸೋಮವಾರ ಉಪವಾಸ. ಅದಕ್ಕೆ ಹಣವಿರಲಿಲ್ಲ, ಅವಧಿಯಿರಲಿಲ್ಲ, ಸೋಡಿಯ ಮಾತೇ ಇರಲಿಲ್ಲ. ಆ ಮನೆಯವರ ಮುಖ ನೋಡಿಕೊಂಡು ಉಣ್ಣಬೇಕಿತ್ತು, ಅಷ್ಟೆ. ನಮ್ಮ ತಂದೆ ಹಾಗೆ ಓದಿದವರು. ದುಡ್ಡು ಕೊಟ್ಟು ಉಣ್ಣುವುದರಲ್ಲಿ ಎಷ್ಟು ಸುಖವಿದೆಯೆಂದು ಅವರು ಹೇಳುತ್ತಿದ್ದುದು ನನಗೆ ಸಿಂಧನೂರಿನಲ್ಲಿ ಎಷ್ಟೋ ಸಲ ನೆನಪಾಗುತ್ತಿತ್ತು.

ನಾನು ಸಿಂಧನೂರು ಬಿಡುವ ವರ್ಷ ನನ್ನ ಜಾಗಕ್ಕೆ ಒಬ್ಬ ಎಳೆಯ ಹುಡುಗ ಬಂದ. ಕೆಲಸದ ಕಾಗದಪತ್ರಗಳನ್ನೆಲ್ಲ ಒಪ್ಪಿಸಿಕೊಂಡ ಮೇಲೆ, ಖಾನಾವಳಿಯಲ್ಲಿ ಪುಸ್ತಕ ಕೊಳ್ಳುವುದು ಲಾಭವೇ ಸಾರ್ ಎಂದು ಕೇಳಿದ. ನಿಮ್ಮ ಊರು ಯಾವುದು ಎಂದೆ. ಮುದಗಲ್ಲು ಎಂದ. ಹಾಗಾದರೆ ಶನಿವಾರ ಭಾನುವಾರ ಬಿಟ್ಟು ಎಣಿಸು, ಮಸ್ಕಿಗೆ ಹೋಗುವ ದಿನ ಬಿಟ್ಟು ಎಣಿಸು, ಅವ್ವ ಬುತ್ತಿ ಕಟ್ಟಿಕೊಡುವ ಸೋಮವಾರವನ್ನೂ ಬಿಡು. ಅವಧಿ ಇರುವುದನ್ನು ಕೊಳ್ಳಲೇಬೇಡ, ಇಲ್ಲದ್ದಾದರೆ ಕೊಡುವವರು ಯಾರೆಂದು ನೋಡು, ಎಂದೆ. ಅವನು ಬೆರಳು ಮಡಿಸಿ ಎಣಿಸುತ್ತ ಹೋದ. ರಾತ್ರಿ ಊಟಕ್ಕೆ ಕೂತಾಗ ನೋಡಿದರೆ, ಅಕ್ಕ ಪುಸ್ತಕವೊಂದನ್ನು ನಡುವೆ ಹರಿದು ಮೂವತ್ತು ಚೀಟಿ ಎಣಿಸಿ ಅವನ ಕೈಗೆ ಕೊಡುತ್ತಿದ್ದಳು, ಒಂದೊಂದರ ಮೇಲೂ ಅವನ ಹೆಸರು ಬರೆಸಿ.