ಮೂವತ್ತಲ್ಲ, ಐದೇ ದಿನ

"ಪಕ್ಕದ ಮನೆಯವರಿಗೆ ಮೂವತ್ತು ಸಲ ಕರೆಂಟ್ ಕೊಟ್ರು. ನನಗೆ ಐದೇ ಸಲ ಅಂತೆ. ಕೈಬಿಟ್ರು ಅಂತ ತಾನೆ ಅಳಿಯಾ ಇದರ ಅರ್ಥ?"

ದಾವಣಗೆರೆಯಿಂದ ನನ್ನ ಸೋದರಮಾವ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ವಯಸ್ಸು 72. ಕಾಟನ್ ಮಿಲ್ಲಿನಲ್ಲಿ ದುಡಿದ ಜೀವ, ಬೀಡಿ ಬಿಟ್ಟು ಹತ್ತು ವರ್ಷ ಆಗಿದೆ. ಕೆಮ್ಮು ನಿಲ್ಲಲಿಲ್ಲ ಅಂತ ತೋರಿಸಲು ಹೋದಾಗ ಬಲ ಶ್ವಾಸಕೋಶದ ಅಂಚಿನಲ್ಲಿ 2.3 ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಬೇರೆಲ್ಲೂ ಹರಡಿರಲಿಲ್ಲ. ಆದರೆ ಉಳಿದ ಶ್ವಾಸಕೋಶವೂ ಸೋತು ಹೋಗಿದ್ದರಿಂದ ಆಪರೇಷನ್ ತಡೆಯೋದಿಲ್ಲ ಅಂದರು ಬೆಂಗಳೂರಿನ ಡಾಕ್ಟರು. ಬದಲಿಗೆ ಎಸ್‌ಬಿಆರ್‌ಟಿ, ಅಂದರೆ ಸ್ಟೀರಿಯೋಟ್ಯಾಕ್ಟಿಕ್ ಬಾಡಿ ರೇಡಿಯೋಥೆರಪಿ. ಮಾವ ಬೇಡವೇ ಬೇಡ ಅಂತ ಕೂತುಬಿಟ್ಟರು.

ನಾನಿರೋದು ಸ್ಟಾಕ್‌ಹೋಮಿನಲ್ಲಿ. ಓದುತ್ತಾ ಹೋದರೆ ಈ ಚಿಕಿತ್ಸೆ ಹುಟ್ಟಿದ್ದೂ ಇದೇ ಊರಲ್ಲಿ! ಇಲ್ಲಿನ ಕರೋಲಿನ್ಸ್ಕಾದ ಲಾರ್ಸ್ ಲೆಕ್ಸೆಲ್ ಮಿದುಳಿಗೆ ಇಂಥ ಗುರಿಯಿಟ್ಟ ಕಿರಣದ ಕಲ್ಪನೆ ಕೊಟ್ಟಿದ್ದು 1951ರಲ್ಲಿ. ತಲೆಬುರುಡೆಯನ್ನು ಅಲುಗಾಡದಂತೆ ಹಿಡಿಯಬಹುದು, ಉಸಿರಾಡೋ ಎದೆಯನ್ನು ಹಿಡಿಯೋದು ಹೇಗೆ? 1991ರಲ್ಲಿ ಅಲ್ಲೇ ಇಂಗ್ಮಾರ್ ಲಾಕ್ಸ್ ಮತ್ತು ಹೆನ್ರಿಕ್ ಬ್ಲೂಮ್‌ಗ್ರೆನ್ ದೇಹವನ್ನೇ ಒಂದು ಚೌಕಟ್ಟಿನಲ್ಲಿ ಮಲಗಿಸಿ, ಹೊಟ್ಟೆಯನ್ನು ಸ್ವಲ್ಪ ಅದುಮಿ ಉಸಿರಿನ ಓಲಾಟ ಕಮ್ಮಿ ಮಾಡಿ ಶುರು ಮಾಡಿದರು. ಈಗ ಉಸಿರಿನ ಜೊತೆ ಗಡ್ಡೆ ಎಲ್ಲಿಂದ ಎಲ್ಲಿಗೆ ಓಡಾಡುತ್ತೆ ಅಂತ 4ಡಿ ಸಿಟಿ ಸ್ಕ್ಯಾನಿನಲ್ಲಿ ಮೊದಲೇ ನೋಡಿಕೊಳ್ತಾರೆ.

ಮಾವನಿಗೆ ನಾನು ಹೇಳಿದ್ದು ಜಯದೇವ ಸರ್ಕಲ್ ಲೆಕ್ಕ. ಒಂದೊಂದು ರಸ್ತೆಯಲ್ಲಿ ನಾಲ್ಕೇ ಜನ ಬಂದರೂ ಎಲ್ಲಾ ಕಡೆಯಿಂದ ಬಂದು ಸೇರಿದರೆ ಸರ್ಕಲ್ಲಿನಲ್ಲಿ ಜಾತ್ರೆ. ಕಿರಣಗಳೂ ಹಾಗೇ. ದಾರಿಯಲ್ಲಿರೋ ಒಳ್ಳೆ ಶ್ವಾಸಕೋಶಕ್ಕೆ ಕಮ್ಮಿ ಏಟು, ಗಡ್ಡೆಗೆ ಪೂರ್ತಿ. ಅದಕ್ಕೇ ಒಂದು ದಿನದ ಡೋಸ್ ಅಷ್ಟು ದೊಡ್ಡದು ಕೊಡೋಕಾಗೋದು.

"ಆದ್ರೂ ಐದೇ ಅಲ್ವಾ?"

ಸರಿ, ಲೆಕ್ಕ. ಪಕ್ಕದ ಮನೆಯವರ ಥರ 30 ದಿನ, ದಿನಕ್ಕೆ 2 ಗ್ರೇ, ಒಟ್ಟು 60. ಮಾವನಿಗೆ ದಿನಕ್ಕೆ 10, ಒಟ್ಟು 50. ನೋಡೋಕೆ 50 ಕಮ್ಮಿ. ಆದರೆ ಒಂದೇ ಸಲ ಬಿದ್ದ ದೊಡ್ಡ ಏಟಿನಿಂದ ಕ್ಯಾನ್ಸರ್ ಕಣ ಚೇತರಿಸಿಕೊಳ್ಳೋದು ಕಷ್ಟ. ಡಾಕ್ಟರುಗಳು ಬಳಸೋ ಸೂತ್ರದಲ್ಲಿ ಮೊದಲನೆಯದರ ಪರಿಣಾಮ 72, ಎರಡನೆಯದರದ್ದು 100. (ಮಾವನಿಗೆ ಸೂತ್ರ ಹೇಳಲಿಲ್ಲ, ಮಿಲ್ಲಿನಲ್ಲಿ ಲೆಕ್ಕ ಇಟ್ಟವರು, 72 ಮತ್ತು 100 ಸಾಕಾಯ್ತು.)

ಇದೇ ಏಟು ಎಲ್ಲರಿಗೂ ಅಲ್ಲ. ದೊಡ್ಡ ಶ್ವಾಸನಾಳಗಳ 2 ಸೆಂಟಿಮೀಟರ್ ಒಳಗೆ ಗಡ್ಡೆ ಇದ್ದವರಿಗೆ ಕೆಲವೇ ಸಲಕ್ಕೆ ತೀರಾ ದೊಡ್ಡ ಡೋಸ್ ಕೊಟ್ಟರೆ ಅಪಾಯ ತರಬಹುದು ಅಂತ ಅಮೆರಿಕದ ರಾಬರ್ಟ್ ಟಿಮ್ಮರ್‌ಮನ್ ತಂಡ 2006ರಲ್ಲೇ ಬರೆದಿತ್ತು. ಅಂಥವರಿಗೆ ಡೋಸ್ ಹಂಚಿ ಜಾಸ್ತಿ ದಿನ ಕೊಡ್ತಾರೆ. ಮಾವನ ಗಡ್ಡೆ ಅಂಚಿನಲ್ಲಿದ್ದದ್ದು ಪುಣ್ಯ.

ಅದೇ ಟಿಮ್ಮರ್‌ಮನ್ ತಂಡ 2010ರಲ್ಲಿ, ಆಪರೇಷನ್ ಮಾಡಿಸಿಕೊಳ್ಳಲಾಗದ 55 ಜನರ ಫಲಿತಾಂಶ ಪ್ರಕಟಿಸಿತು. ಮೂರು ವರ್ಷದ ನಂತರ ಮೂಲ ಗಡ್ಡೆ ಹತೋಟಿಯಲ್ಲಿದ್ದ ಪ್ರಮಾಣ 97.6%. ಇದನ್ನು ಅಮ್ಮನಿಗೆ, ಅತ್ತೆಗೆ, ಎಲ್ಲರಿಗೂ ಹೇಳಿದೆ. ಅದರ ಕೆಳಗಿನ ಸಾಲು ಮಾವನಿಗೆ ಮಾತ್ರ ಹೇಳಿದೆ, ಅವರು ಕೇಳಿದ್ದರಿಂದ: ಅದೇ ಮೂರು ವರ್ಷಕ್ಕೆ ಬದುಕಿದ್ದವರು 55.8%. ಗಡ್ಡೆ ಸುಟ್ಟರೂ ಬೇರೆ ಕಡೆ ಕ್ಯಾನ್ಸರ್ ಹುಟ್ಟಬಹುದು, ಮೊದಲೇ ಸೋತ ಹೃದಯ, ಶ್ವಾಸಕೋಶ ಹಾಗೇ ಇರುತ್ತವೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರಕ್ಕೆ ಐವತ್ತೈದು... ಪಾಸ್ ಮಾರ್ಕ್ಸೇ ಬಿಡು" ಅಂದರು. ಮರುವಾರವೇ ಬೆಂಗಳೂರಿನ ಬಸ್ ಹತ್ತಿದರು.

ಒಂದು ದಿನ ಬಿಟ್ಟು ಒಂದು ದಿನ, ಐದು ಸಲ ಆಯ್ತು. ಪ್ರತಿ ಸಲವೂ ಮೊದಲು ಸ್ಕ್ಯಾನ್, ಆಮೇಲೆ ಕಿರಣ. ನೋವಿಲ್ಲ, ಒಂದೆರಡು ವಾರ ಸುಸ್ತು. ಮೂರು ತಿಂಗಳ ಸ್ಕ್ಯಾನಿನಲ್ಲಿ ಆ ಜಾಗ ಇನ್ನೂ ಬೆಳ್ಳಗಿದೆ. ಸುಟ್ಟ ಗಾಯದ ಕಲೆಯೋ ಉಳಿದ ಗಡ್ಡೆಯೋ ಅಂತ ಇಷ್ಟು ಬೇಗ ಹೇಳೋದು ಕಷ್ಟವಂತೆ, ಮುಂದಿನ ಸ್ಕ್ಯಾನ್‌ಗಳಲ್ಲಿ ಬೆಳೀತಿದೆಯಾ ಅಂತ ನೋಡಬೇಕು. ಅತ್ತೆಗೆ ನಿದ್ದೆ ಇಲ್ಲ. ಮಾವ ಮಾತ್ರ ಪಕ್ಕದ ಮನೆಯವರಿಗೆ 72 ಮತ್ತು 100ರ ಲೆಕ್ಕ ಒಪ್ಪಿಸ್ತಾ ಕೂತಿದಾರಂತೆ.