ದೋಣಿಯೇ ಊರಾಗಿದ್ದವರು

ಮುತ್ತಜ್ಜನ ಊರು ಯಾವುದೆಂದು ಕೇಳಿದರೆ ನಮ್ಮಲ್ಲಿ ಹಲವರು ತಟ್ಟನೆ ಹೇಳಿಯಾರು. ಇಂಗ್ಲೆಂಡಿನ ಕೆಲವು ಮನೆತನಗಳಿಗೆ ಈ ಪ್ರಶ್ನೆ ಅಷ್ಟು ಸುಲಭವಲ್ಲ. ಅವರ ಹಿರಿಯರು ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲವೂ ಕಾಲುವೆಯ ದೋಣಿಗಳಲ್ಲಿ.

ನಾರ್ಥಾಂಪ್ಟನ್‌ಶೈರಿನ ಸ್ಟೋಕ್ ಬ್ರೂರ್ನ್ ಹಳ್ಳಿಗೆ ಹೋದರೆ ಆ ಬದುಕಿನ ಕುರುಹುಗಳು ಕಾಣಸಿಗುತ್ತವೆ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ ಗ್ರ್ಯಾಂಡ್ ಯೂನಿಯನ್ ಕಾಲುವೆ ಊರ ನಡುವೆಯೇ ಹರಿಯುತ್ತದೆ. ದಡದ ಹಳೆಯ ಹಿಟ್ಟಿನ ಗಿರಣಿಯಲ್ಲಿ 1963ರಲ್ಲಿ ಕಾಲುವೆ ವಸ್ತುಸಂಗ್ರಹಾಲಯ ತೆರೆಯಿತು. ಏರಿಯ ಮೇಲೆ ಸ್ವಲ್ಪ ದೂರ ನಡೆದರೆ ಬ್ಲಿಸ್‌ವರ್ತ್ ಸುರಂಗದ ಬಾಯಿ ಸಿಗುತ್ತದೆ. 1805ರಲ್ಲಿ ಬಳಕೆಗೆ ಬಂದ ಈ ಸುರಂಗದ ಉದ್ದ ಸುಮಾರು 2.8 ಕಿ.ಮೀ. ದೋಣಿ ಎಳೆಯುವ ಕುದುರೆಗೆ ಒಳಗೆ ದಾರಿಯಿಲ್ಲ. ಅದನ್ನು ಗುಡ್ಡದ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ಆಳುಗಳು ಹಲಗೆಯ ಮೇಲೆ ಅಂಗಾತ ಮಲಗಿ, ಗೋಡೆಗೆ ಪಾದ ಕೊಟ್ಟು ತಳ್ಳುತ್ತಾ ದೋಣಿಯನ್ನು ಸಾಗಿಸುತ್ತಿದ್ದರು.

ರೈಲಿನ ಪೈಪೋಟಿಯಿಂದ ದೋಣಿಯವರ ಗಳಿಕೆ ಕುಗ್ಗಿತು. ಮನೆ ಬಾಡಿಗೆ, ಆಳಿನ ಕೂಲಿ ಉಳಿಸಲು ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನೂ ದೋಣಿಗೇ ಕರೆತಂದರು. 70 ಅಡಿ ಉದ್ದ, 7 ಅಡಿ ಅಗಲದ ದೋಣಿಯ ತುಂಬ ಸರಕು. ಸಂಸಾರಕ್ಕೆ ಉಳಿದದ್ದು ಹಿಂಬದಿಯ ಹತ್ತಡಿ ಕೋಣೆ. ಒಲೆ, ಹಾಸಿಗೆ, ಬಾಣಂತನ ಎಲ್ಲವೂ ಅದರಲ್ಲೇ!

ಇಂಥವರನ್ನು ಹುಡುಕುವುದು ಹೇಗೆ? ಅಣ್ಣ ಹುಟ್ಟಿದ್ದು ಒಂದೂರಾದರೆ ತಂಗಿ ಹುಟ್ಟಿದ್ದು ಐವತ್ತು ಮೈಲಿ ಆಚೆ. ಜನಗಣತಿಯಲ್ಲಿ ಸಿಗುವುದು ಆ ರಾತ್ರಿ ದೋಣಿ ಕಟ್ಟಿದ್ದ ಸ್ಥಳ ಮಾತ್ರ. ಆದ್ದರಿಂದ ಹುಡುಕುವವರು ಕಾಲುವೆಯ ನಕ್ಷೆ ಹಿಡಿದು, ದಡದ ಊರುಗಳ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನು ಒಂದೊಂದಾಗಿ ನೋಡಬೇಕು. ವ್ಯಕ್ತಿಯ ಹೆಸರಿನಷ್ಟೇ ದೋಣಿಯ ಹೆಸರೂ ಮುಖ್ಯ.

ಇನ್ನೊಂದು ಆಧಾರವೂ ಇದೆ. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬವರು ದೋಣಿ ಮಕ್ಕಳ ಪರವಾಗಿ ಹೋರಾಡಿದ ಫಲವಾಗಿ 1877ರಲ್ಲಿ ಕಾನೂನು ಬಂತು. ಜನ ವಾಸಿಸುವ ಪ್ರತಿಯೊಂದು ಕಾಲುವೆ ದೋಣಿಯೂ ನೋಂದಣಿಯಾಗಬೇಕು, ಅದರಲ್ಲಿ ಎಷ್ಟು ಜನ ಇರಬಹುದೆಂದು ನಿಗದಿಯಾಗಬೇಕು, ನೋಂದಣಿಯಾದ ಊರೇ ಮಕ್ಕಳ ಶಾಲೆಯ ಊರು ಎಂದಾಯಿತು. ಆದರೆ ದೋಣಿ ನಿಂತರೆ ಹೊಟ್ಟೆಗಿಲ್ಲ. ಇಲ್ಲೊಂದು ದಿನ, ಅಲ್ಲೊಂದು ದಿನ ಶಾಲೆಯ ಮೆಟ್ಟಿಲು ಹತ್ತಿದ ಎಷ್ಟೋ ಮಕ್ಕಳು ಅಕ್ಷರ ಕಲಿಯದೆಯೇ ಬೆಳೆದರು. ಮದುವೆಯ ದಾಖಲೆಯಲ್ಲಿ ಸಹಿಯ ಜಾಗದಲ್ಲಿ ಗುಣಿಸು ಗುರುತು ಹಾಕಿದರು.

ಆ ಮಕ್ಕಳನ್ನು ಶಾಲೆಯಲ್ಲಿ ಕೂರಿಸಲಾಗದ ನೋಂದಣಿ ಪುಸ್ತಕಗಳಲ್ಲಿ ಉಳಿದಷ್ಟು ಇಂದು ದಾಖಲೆ ಭಂಡಾರಗಳಲ್ಲಿವೆ. ಮರಿಮಕ್ಕಳು ಅವುಗಳಲ್ಲೇ ತಮ್ಮ ಹಿರಿಯರ ದೋಣಿಯನ್ನು ಹುಡುಕುತ್ತಾರೆ. ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿ ಎಲ್ಲಿ ಹುಟ್ಟಿದರು, ಏನು ಕೆಲಸ ಮಾಡಿದರು, ಎಷ್ಟು ಓದಿದರು? ಅವರು ಹೇಳಬಲ್ಲವರಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.